ಸೌನಾ ಕಾಯಿಸದ ಎರಡು ಶನಿವಾರ

ಮನೆ ಕಟ್ಟಿ ನೋಡು ಎಂದರು ಹಿರಿಯರು. ಮನೆ ಮಾರಿ ನೋಡು ಎನ್ನುವುದನ್ನು ಮಾತ್ರ ಮರೆತರು. ಮಾರುವ ಪಾಡೇನೆಂದು ಇಲ್ಕಾ ಮತ್ತು ಸೈಲಾ ದಂಪತಿಗೆ ಮೇ ತಿಂಗಳ ಕೊನೆಯ ಭಾನುವಾರ ತಿಳಿಯಿತು.

ನಮ್ಮ ಲೆಹ್ತೋನಿಯೆಮಿ ಊರಿನ ಸರೋವರದ ದಡದಲ್ಲಿ ಒಂದು ಸಾಲುಮನೆ. ಅದರ ಕೊನೆಯ ಮನೆ ಇವರದು. ಕೊಳ್ಳುವವರು ಬಂದು ನೋಡಲಿ ಎಂದು ಆ ದಿನ ಮಧ್ಯಾಹ್ನ ಒಂದು ಗಂಟೆಗೆ ಬಾಗಿಲು ತೆರೆದಿಟ್ಟಿದ್ದರು. ಸೈಲಾ ಏಲಕ್ಕಿ ಬನ್ನು ಬೇಯಿಸಿದ್ದಳು, ಕಾಫಿ ಇಟ್ಟಿದ್ದಳು. ಇಲ್ಕಾನಿಗೆ ಅದು ಸಾಲಲಿಲ್ಲ. ಅವನ ಜೀವವೆಲ್ಲ ಸೌನಾದಲ್ಲಿ, ಅಂದರೆ ಹಬೆಸ್ನಾನದ ಕೋಣೆಯಲ್ಲಿ.

"ಬಂದೋರಿಗೆ ಬಿಸಿ ಸೌನಾ ತೋರಿಸ್ಬೇಕು ಕಣೇ. ತಣ್ಣಗಿರೋ ಸೌನಾ ತೋರ್ಸೋದು ಅಂದ್ರೆ ಖಾಲಿ ತಟ್ಟೆ ಮುಂದಿಟ್ಟು ಊಟ ಮಾಡಿ ಅಂದಂಗೆ!"

ಹಿಂದಿನ ದಿನ ಶನಿವಾರದ ಸೌನಾ ಹೇಗೂ ಆಗಿತ್ತು. ಮದುವೆಯಾದಂದಿನಿಂದ ಒಂದು ಶನಿವಾರವೂ ತಪ್ಪಿದ್ದಿಲ್ಲ. ಭಾನುವಾರ ಬೆಳಿಗ್ಗೆ ಅವನು ಮತ್ತೆ ಒಲೆ ಕಾಯಿಸಿದ, ಬಿಸಿ ಕಲ್ಲಿನ ಮೇಲೆ ನೀರು ಸುರಿದ, ಹಬೆ ಎಬ್ಬಿಸಿದ.

ಹದಿನಾಲ್ಕು ಜನ ಬಂದರು. ಅವರಲ್ಲಿ ಶಾಲೆಯ ಟೀಚರ್ ವೀವಿ ಒಬ್ಬಳು. ಜೊತೆಗೆ ಅವಳ ಅಣ್ಣ ಓಸ್ಮೋ. ಅವನ ಕೈಯಲ್ಲಿ ಅಂಗೈ ಅಗಲದ ಒಂದು ಯಂತ್ರ. ಗೋಡೆಯೊಳಗೆ ಎಷ್ಟು ತೇವ ಇದೆ ಎಂದು ಹೇಳುವ ಯಂತ್ರ ಅದು. ಓಸ್ಮೋ ಅದನ್ನು ಸೌನಾ ಪಕ್ಕದ ಬಚ್ಚಲಿನ ಗೋಡೆಗೆ ಒತ್ತಿದ.

ಕೀಂ!

"ಗೋಡೆ ನೀರು ಕುಡಿದಿದೆ ವೀವಿ," ಎಂದು ತಂಗಿಯ ಕಿವಿಯಲ್ಲಿ ಹೇಳಿದ. ಚಿಕ್ಕ ಮನೆಯಲ್ಲಿ ಪಿಸುಮಾತಿಗೆ ಕಾಲು ಬೇಗ ಬರುತ್ತದೆ. ಹತ್ತು ನಿಮಿಷದಲ್ಲಿ ಎಲ್ಲರೂ ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತಿದ್ದರು. ಕಾಫಿ ಅರ್ಧರ್ಧ ಕಪ್ಪಿನಲ್ಲೇ ಉಳಿಯಿತು. ಒಬ್ಬ ಮಾತ್ರ ಹೋಗುವಾಗ ಎರಡು ಬನ್ನು ಜೇಬಿಗೆ ಹಾಕಿಕೊಂಡ.

ಸೈಲಾ ಕುರ್ಚಿಯಲ್ಲಿ ಕುಸಿದಳು. "ಹೋಯ್ತು. ನನ್ನ ಕನ್ನಡಿ ಹೋಯ್ತು, ನನ್ನ ಅಂಗಡಿ ಹೋಯ್ತು."

ಅವಳು ಕೂದಲು ಕತ್ತರಿಸುವವಳು. ಹನ್ನೊಂದು ವರ್ಷದಿಂದ ಬೇರೆಯವರ ಅಂಗಡಿಯಲ್ಲಿ ಒಂದು ಕುರ್ಚಿಗೆ ಬಾಡಿಗೆ ಕೊಟ್ಟು ದುಡಿಯುತ್ತಿದ್ದಳು. ಚರ್ಚ್ ರಸ್ತೆಯಲ್ಲಿ ಹಳದಿ ಬಣ್ಣದ ಮರದ ಮನೆಯೊಂದು ಮಾರಾಟಕ್ಕಿತ್ತು. ಅದಕ್ಕೊಂದು ಪಕ್ಕದ ಕೋಣೆ, ಆ ಕೋಣೆಗೆ ಬೀದಿಯ ಕಡೆಗೆ ಬೇರೆಯೇ ಬಾಗಿಲು. ಕನ್ನಡಿ ಎಲ್ಲಿ, ಕುರ್ಚಿ ಎಲ್ಲಿ ಎಂದು ಸೈಲಾ ಮನಸ್ಸಿನಲ್ಲೇ ಜೋಡಿಸಿ ಆಗಿತ್ತು. ಮಾಲೀಕ ಇವರ ಬೆಲೆಗೆ ಒಪ್ಪಿದ್ದ. ಆದರೆ ಒಂದು ಷರತ್ತು: ನಡುಬೇಸಿಗೆಯ ಹಬ್ಬದೊಳಗೆ ನಿಮ್ಮ ಮನೆ ಮಾರಾಟವಾಗಬೇಕು. ಇಲ್ಲದಿದ್ದರೆ ಸಾಲಿನಲ್ಲಿ ನಿಂತಿರುವ ಇನ್ನೊಬ್ಬರಿಗೆ. ಹಬ್ಬಕ್ಕೆ ನಾಲ್ಕು ವಾರವೂ ಉಳಿದಿರಲಿಲ್ಲ.

"ಸುಮ್ನಿರು," ಎಂದ ಇಲ್ಕಾ. "ನಾಳೇನೇ ಗೋಡೆ ಒಡೀತೀನಿ. ಹೊಸ ಟೈಲ್ಸ್. ಅಡುಗೆಮನೇನೂ ಕಿತ್ತು ಹೊಸದು ಹಾಕ್ಸ್ತೀನಿ. ಎಂಟು ಸಾವಿರ ಯೂರೋ ಆದ್ರೆ ಆಗ್ಲಿ!"

"ಬನ್ನು ಉಳಿದಿದೆ ಅಂತ ವಾಸನೆ ಬಂದು ಹೇಳ್ತು," ಎನ್ನುತ್ತ ಪಕ್ಕದ ಮನೆಯ ಕೆರ್ತು ಒಳಗೆ ಬಂದಳು. ಮೂವತ್ತು ವರ್ಷ ಕಟ್ಟಡಗಳ ಉಸ್ತುವಾರಿ ನೋಡಿದವಳು. ಯಾವ ಪೈಪು ಯಾಕೆ ಅಳುತ್ತದೆ, ಯಾವ ಸೂರು ಯಾಕೆ ನರಳುತ್ತದೆ ಎಂದು ಬಲ್ಲವಳು. ನಡೆದದ್ದನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ಕೊನೇ ಸಲ ಸೌನಾ ಕಾಯಿಸಿದ್ದು ಯಾವಾಗ?"

"ಇವತ್ತು ಬೆಳಿಗ್ಗೆ."

"ಅದಕ್ಕೆ ಮುಂಚೆ?"

"ನಿನ್ನೆ. ಶನಿವಾರ ಅಲ್ವಾ!"

ಕೆರ್ತು ಬನ್ನನ್ನು ತಟ್ಟೆಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಯ್ಯೋ ಮಾರಾಯ! ಸ್ನಾನ ಮಾಡಿ ಬಂದವನ ತಲೆ ಮುಟ್ಟಿ, ಇವನಿಗೆ ಜ್ವರದ ಬೆವರು ಅಂದಂಗಾಯ್ತು. ಗೋಡೆಗೆ ಕಾಯಿಲೆ ಇದೆಯೋ, ಬರೀ ಸ್ನಾನ ಆಗಿದೆಯೋ, ಒಣಗಿಸದೆ ಹೇಗೆ ಗೊತ್ತಾಗತ್ತೆ? ಎರಡು ವಾರ ಸೌನಾ ಬಂದ್, ಶವರ್ ಬಂದ್. ಫ್ಯಾನ್ ಹಗಲೂ ರಾತ್ರಿ ಓಡ್ಲಿ. ಆಮೇಲೆ ಪರವಾನಗಿ ಇರೋರನ್ನ ಕರ್ಸಿ ಅಳೆಸಿ, ಕಾಗದ ತಗೊಳ್ಳಿ."

"ಎರಡು ಶನಿವಾರ!" ಇಲ್ಕಾ ಎದೆ ಹಿಡಿದುಕೊಂಡ. "ಮನೆ ಬದಲು ನನ್ನನ್ನೇ ಮಾರಿಬಿಡಿ."

"ನಿನ್ನನ್ನ ಯಾರು ಕೊಳ್ತಾರೆ? ನಿನಗೂ ರಿಪೇರಿ ಬೇಕು," ಎಂದಳು ಸೈಲಾ. ಆ ದಿನ ಅವಳು ನಕ್ಕದ್ದು ಅದೇ ಮೊದಲು.

"ಟವೆಲ್ ತಗೊಂಡು ನಮ್ಮನೆಗೆ ಬನ್ನಿ," ಎಂದಳು ಕೆರ್ತು. "ಇನ್ನು ಆ ಹೊಸ ಅಡುಗೆಮನೆ. ಅದು ನಿನಗಾ, ಕೊಳ್ಳೋರಿಗಾ? ನೀನು ಬಿಳಿ ಹಾಕಿಸ್ತೀಯ, ಬರೋಳಿಗೆ ಹಸಿರು ಇಷ್ಟ. ಕಿತ್ತು ಬಿಸಾಕ್ತಾಳೆ. ಸುರಿದ ದುಡ್ಡೆಲ್ಲ ಮನೆ ಬೆಲೇಲಿ ವಾಪಸ್ ಬರಲ್ಲ ಕಣೋ."

"ಮತ್ತೇನ್ ಮಾಡ್ಲಿ?"

"ಹೊರಗೆ ಹೋಗು. ಬಾಗಿಲು ಎಳ್ಕೋ. ಈ ಮನೇನ ಹುಟ್ಟಿದಾಗಿಂದ ಕಂಡೇ ಇಲ್ಲದವನ ಹಾಗೆ ಒಳಗೆ ಬಾ."

ಇಲ್ಕಾ ಗೊಣಗುತ್ತ ಹೊರಗೆ ಹೋದ. ತಿರುಗಿ ಬರುವಾಗ ಹಿಡಿಕೆಯನ್ನು ಕೆಳಗೆ ಒತ್ತಿದ. ಅದು ಕೈಗೇ ಬಂತು! ಒಂಬತ್ತು ವರ್ಷದಿಂದ ಅದನ್ನು ತುಸು ಮೇಲಕ್ಕೆತ್ತಿ ತಿರುಗಿಸುವುದು ಮನೆಯವರಿಗೆಲ್ಲ ರೂಢಿ. ಹೊರಗಿನವನಿಗೆ ಅದು ಗೊತ್ತಿರುವುದುಂಟೆ? ಒಳಗೆ ಕಾಲಿಟ್ಟರೆ ಕತ್ತಲು. ಎರಡನೇ ಹೆಜ್ಜೆಗೆ ಸ್ಕೀ ಬೂಟುಗಳನ್ನು ಎಡವಿ ಮುಗ್ಗರಿಸಿದ.

"ಥೂ, ಇದೇನು ಮನೆಯೋ ಕರಡಿ ಗುಹೆಯೋ!" ಎಂದವನು ಹಾಗೇ ನಿಂತ. "ನಮ್ಮದೇ ಅಲ್ವಾ?"

"ಈಗ ಕಣ್ಣು ಬಂತು," ಎಂದಳು ಕೆರ್ತು.

ಮರುದಿನದಿಂದ ಮನೆಯಲ್ಲಿ ಹಬ್ಬದ ಗಡಿಬಿಡಿ. ಚಳಿಗಾಲದ ಸಾಮಾನೆಲ್ಲ ಕೆರ್ತುವಿನ ಶೆಡ್ಡಿಗೆ ಹೋಯಿತು. ಹಿಡಿಕೆಗೆ ಹೊಸ ಸ್ಕ್ರೂ, ಕಿರುಗುಟ್ಟುವ ಬಾಗಿಲ ಕೀಲಿಗೆ ಎಣ್ಣೆ, ಕತ್ತಲ ಹಜಾರಕ್ಕೆ ಬೆಳಕಿನ ಬಲ್ಬು. ಕಂದು ಗೋಡೆ ಒಂದೇ ಡಬ್ಬಿ ಬಣ್ಣಕ್ಕೆ ಬೆಳ್ಳಗಾಯಿತು. ಬಚ್ಚಲಿನ ಮೂಲೆಗಳಲ್ಲಿ ಕಪ್ಪುಗಟ್ಟಿದ್ದ, ಸಂದು ಮುಚ್ಚುವ ಸಿಲಿಕೋನ್ ಅಂಟು ಕೆರೆದು ಹೊಸದು ತುಂಬಿದರು. ಕಿಟಕಿ ತೊಳೆದಾಗ ಸರೋವರ ಎರಡು ಮಾರು ಹತ್ತಿರ ಬಂದ ಹಾಗಿತ್ತು. ಬಾಗಿಲ ಎರಡು ಬದಿಗೂ ಹೂಕುಂಡ. ಎಲ್ಲ ಸೇರಿ ಇನ್ನೂರ ನಲವತ್ತು ಯೂರೋ.

"ಅಷ್ಟೇನಾ?" ಇಲ್ಕಾ ಚೀಟಿಯನ್ನು ಮಗುಚಿ ಹಿಂಬದಿಯನ್ನೂ ನೋಡಿದ.

ಮೊದಲ ಶನಿವಾರ ಹೆಗಲಿಗೆ ಟವೆಲ್ ಹಾಕಿಕೊಂಡು ಕೆರ್ತುವಿನ ಸೌನಾಕ್ಕೆ ಹೋದರು. ಸೌನಾ ಮುಗಿದು ಮೆಟ್ಟಿಲ ಮೇಲೆ ಕುಳಿತಾಗ ಕೆರ್ತು ಕೇಳಿದಳು: "ಮಾರೋ ಮಾತಾಯ್ತು, ಕೊಳ್ಳೋ ಮನೆ ಸರಿಯಾಗಿ ನೋಡಿದ್ರಾ? ಎಷ್ಟು ಸಾಲ ಸಿಗತ್ತೆ ಅಂತ ಬ್ಯಾಂಕಲ್ಲಿ ಕೇಳಿದ್ರಾ?"

"ಬ್ಯಾಂಕಿನೋರು ಬರ್ದು ಕೊಟ್ಟಿದ್ದಾರೆ," ಎಂದಳು ಸೈಲಾ.

"ಭೇಷ್. ಮನೆ ನೋಡೋ ಮೊದ್ಲು ಬ್ಯಾಂಕ್ ನೋಡ್ಬೇಕು. ಮನೆ ನೋಡಿದ್ದು ಮಳೇಲೋ ಬಿಸಿಲಲ್ಲೋ?"

"ಬಿಸಿಲಲ್ಲಿ. ಅಂಗಳದ ತುಂಬ ನೀಲಿ ಹೂ, ಕೆರ್ತು!"

"ಹೂ ಎರಡು ವಾರ ಇರತ್ತೆ ಮಾರಾಯ್ತಿ. ನೀವು ಐವತ್ತೆರಡು ವಾರ ಇರ್ತೀರಿ. ಮಳೇಲಿ ಹೋಗಿ."

ಬುಧವಾರ ಮಳೆ ಸುರಿಯಿತು. ರೇನ್‌ಕೋಟ್ ತೊಟ್ಟು, ಮನೆ ಪರೀಕ್ಷಿಸುವವನೊಬ್ಬನನ್ನು ಕರೆದುಕೊಂಡು ಹಳದಿ ಮನೆಗೆ ಹೋದರು. ಸೂರಿನ ನೀರು ಹರಿಯುವ ಕೊಳವೆ ಮುರಿದು, ನೀರೆಲ್ಲ ಗೋಡೆಯ ಬುಡಕ್ಕೇ ಬೀಳುತ್ತಿತ್ತು. ಪರೀಕ್ಷಕ ನೆಲದ ಹಲಗೆಯಡಿಯ ಟೊಳ್ಳಿಗೆ ತೆವಳಿ ಹೋಗಿ ಬಂದ. "ಮರ ಇನ್ನೂ ಒಣಗೇ ಇದೆ. ಕೊಳವೆ ಮಾತ್ರ ಈ ಬೇಸಿಗೆಯಲ್ಲೇ ಸರಿಯಾಗ್ಬೇಕು," ಎಂದ. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಖರ್ಚೆಷ್ಟು ಎಂದು ಸೈಲಾ ಮಾಲೀಕನನ್ನು ಕೇಳಿ ಬರೆದುಕೊಂಡಳು. ಕೊಳವೆ ನಾನೇ ಹಾಕಿಸಿಕೊಡುತ್ತೇನೆ ಎಂದು ಅವನು ಒಪ್ಪಿದ.

ಎರಡನೇ ಶನಿವಾರ ಕಳೆದ ಮೇಲೆ ತೇವ ಅಳೆಯುವವನು ಇವರ ಮನೆಗೆ ಬಂದ. ಓಸ್ಮೋ ಒತ್ತಿದ್ದ ಗೋಡೆ ಒಣಗಿತ್ತು! ಎಲ್ಲ ಗೋಡೆಯೂ ಒಣಗಿತ್ತು! ಆದರೆ ಬಟ್ಟೆ ಒಗೆಯುವ ಯಂತ್ರದ ಹಿಂದಿನ ಮೂಲೆಯ ನೆಲದಲ್ಲಿ ಅಂಗೈಯಷ್ಟು ತೇವ. ಅಲ್ಲಿನ ನಲ್ಲಿಯ ವಾಷರ್ ಸವೆದು, ಯಾರಿಗೂ ಕಾಣದಂತೆ ತೊಟ್ಟಿಕ್ಕುತ್ತಿತ್ತು. ಪ್ಲಂಬರ್ ಬಂದು ಅರ್ಧ ಗಂಟೆಯಲ್ಲಿ ಸರಿ ಮಾಡಿದ. ಮೂಲೆ ಒಣಗಿಸಿ ಮತ್ತೆ ಅಳೆಸಿದಾಗ ಅದೂ ಸರಿ. ಕಾಗದದ ಮೊದಲನೇ ಪುಟದಲ್ಲಿ ತೇವ, ಎರಡನೇ ಪುಟದಲ್ಲಿ ರಿಪೇರಿ ದಾಖಲಾದವು.

"ಆ ಮೊದಲನೇ ಪುಟ ತೋರ್ಸೋದು ಬೇಡ," ಎಂದ ಇಲ್ಕಾ. "ಇದ್ದದ್ದು ಇದ್ದಂಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ."

"ಮುಚ್ಚಿಟ್ರೆ ಇವತ್ತು ಒದೆಯಲ್ಲ. ಆಮೇಲೆ ವಕೀಲರನ್ನ ಕರ್ಕೊಂಡು ಬಂದು ಒದೀತಾರೆ," ಎಂದಳು ಕೆರ್ತು. ಆಮೇಲೆ ದನಿ ತಗ್ಗಿಸಿದಳು. "ಇಲ್ಕಾ, ನೀನೂ ಕೊಳ್ಳೋನೇ ತಾನೆ? ಆ ಕೊಳವೆ ಮಳೇಲಿ ನಿನ್ನ ಕಣ್ಣಿಗೆ ಬೀಳದೆ, ಹಳದಿ ಮನೆಯವನೂ ಹೇಳದೆ ಮುಚ್ಚಿಟ್ಟಿದ್ರೆ ನಿನಗೆ ಹೇಗಾಗ್ತಿತ್ತು?"

ಇಲ್ಕಾ ಎರಡು ಪುಟವನ್ನೂ ಜೋಡಿಸಿ ಮೇಜಿನ ಮೇಲಿಟ್ಟ.

ಹಬ್ಬಕ್ಕೆ ಐದು ದಿನ ಇರುವಾಗ, ಭಾನುವಾರ, ಮತ್ತೆ ಬಾಗಿಲು ತೆರೆಯಿತು. ಸೈಲಾ ಫೋನು ಮಾಡಿ ವೀವಿಯನ್ನೂ ಕರೆದಿದ್ದಳು. ವೀವಿಯ ಹಿಂದೆ ಓಸ್ಮೋ, ಓಸ್ಮೋನ ಕೈಯಲ್ಲಿ ಅದೇ ಯಂತ್ರ. ನೆಟ್ಟಗೆ ಬಚ್ಚಲಿಗೆ ಹೋಗಿ ಅದೇ ಗೋಡೆಗೆ ಒತ್ತಿದ.

ಯಂತ್ರ ಸುಮ್ಮನಿತ್ತು.

ಇನ್ನೊಂದು ಕಡೆ ಒತ್ತಿದ. ಸುಮ್ಮನೆ. "ಬ್ಯಾಟರಿ ಹೋಗಿದ್ಯಾ?" ಎಂದು ಯಂತ್ರವನ್ನು ಅಂಗೈಗೆ ಕುಟ್ಟಿಕೊಂಡು, ಅಡುಗೆಮನೆಯ ಒದ್ದೆ ಬಟ್ಟೆಗೆ ತಾಗಿಸಿದ. ಕೀಂ! ಎಲ್ಲರೂ ಘೊಳ್ಳೆಂದು ನಕ್ಕರು.

ಆಗ ಇಲ್ಕಾ ತಾನೇ ಮುಂದೆ ಬಂದ. "ಬಾ ಓಸ್ಮೋ, ಈ ಬಟ್ಟೆ ಒಗೆಯೋ ಮಷಿನ್ ಸ್ವಲ್ಪ ಎಳಿ. ಇಲ್ಲಿ ನೋಡು, ನಲ್ಲಿ ತೊಟ್ಟಿಕ್ತಿತ್ತು. ನಮಗೂ ಗೊತ್ತಿರ್ಲಿಲ್ಲ. ಈಗ ಸರಿಯಾಗಿದೆ. ಎಲ್ಲ ಈ ಕಾಗದದಲ್ಲಿದೆ, ಓದ್ಕೊಳ್ಳಿ."

ವೀವಿ ನಿಂತಲ್ಲೇ ಎರಡೂ ಪುಟ ಓದಿದಳು. "ಈ ತಿಂಗಳು ಏಳು ಮನೆ ನೋಡ್ದೆ," ಎಂದಳು. "ತನ್ನ ತಪ್ಪು ತಾನೇ ತೋರ್ಸಿದ ಮನೆ ಇದೊಂದೇ." ಆಮೇಲೆ ಕುಳಿತು ಕಾಫಿ ಪೂರ್ತಿ ಕುಡಿದಳು.

ಮಂಗಳವಾರ ಬೆಳಿಗ್ಗೆ ಸೈಲಾಳ ಕೈಯಲ್ಲಿ ಕತ್ತರಿ, ಮುಂದೆ ಅರ್ಧ ತಲೆ ಕತ್ತರಿಸಿದ ಗಿರಾಕಿ. ಫೋನು ಬಂತು. ವೀವಿ! ಇವರು ಕೇಳಿದ್ದಕ್ಕೆ ತೀರಾ ಹತ್ತಿರದ ಬೆಲೆ ಹೇಳಿದಳು. ಸೈಲಾ ಕೂಗಿದ ಕೂಗಿಗೆ ಅಂಗಡಿಯ ಕನ್ನಡಿಗಳೆಲ್ಲ ಅದುರಿರಬೇಕು. ಅರ್ಧ ತಲೆಯ ಗಿರಾಕಿ ಎದ್ದು ನಿಂತು ಚಪ್ಪಾಳೆ ತಟ್ಟಿದ. ಹಬ್ಬದ ಹಿಂದಿನ ದಿನ ಎರಡೂ ಮನೆಯ ಕಾಗದಕ್ಕೆ ಸಹಿ ಬಿತ್ತು.

ಆಗಸ್ಟಿನ ಮೊದಲ ಶನಿವಾರ ಹಳದಿ ಮನೆಯ ಅಂಗಳದ ಸೌನಾದಿಂದ ಹೊಗೆ ಎದ್ದಿತು. ಬೀದಿ ಬಾಗಿಲ ಕೋಣೆಯಲ್ಲಿ ಕನ್ನಡಿ ಗೋಡೆಗೇರಿತ್ತು. ಅದರ ಮುಂದೆ ಮೊದಲು ಕುಳಿತವಳು ಕೆರ್ತು. ಸೌನಾದಲ್ಲೂ ಮೇಲಿನ ಹಲಗೆ ಅವಳಿಗೇ. ಕಲ್ಲಿಗೆ ಮೊದಲ ನೀರು ಸುರಿದವಳೂ ಅವಳೇ. ಹಬೆ ಮೇಲೆದ್ದಿತು, ಮೂವರೂ ಕಾವಿಗೆ ತಲೆ ಬಾಗಿಸಿ ಕುಳಿತರು.

"ಈ ಮನೇನೂ ಮುಂದೆ ಮಾರ್ಬೇಕಾಗಿ ಬಂದ್ರೆ?" ಎಂದ ಇಲ್ಕಾ.

"ಎರಡು ಶನಿವಾರ ನಮ್ಮನೆಗೆ ಬಾ," ಎಂದಳು ಕೆರ್ತು.

ಓದುವ ಅಣ್ಣ, ಕೇಳುವ ಅಕ್ಕ, ನಿಮ್ಮ ಮನೆಯಲ್ಲಿ ಸೌನಾ ಇರಲಿಕ್ಕಿಲ್ಲ, ಬಚ್ಚಲಂತೂ ಇದೆ. ಮಾರುವ ಯೋಚನೆ ಇದ್ದರೆ ಗೋಡೆ ಒಡೆಯುವ ಮುಂಚೆ ಒಮ್ಮೆ ಹೊರಗೆ ಹೋಗಿ, ಹೊಸಬರ ಕಣ್ಣಿಟ್ಟುಕೊಂಡು ಒಳಗೆ ಬನ್ನಿ. ಸಡಿಲವಾದದ್ದನ್ನು ಬಿಗಿ ಮಾಡಿ, ಕತ್ತಲಿದ್ದಲ್ಲಿ ಬೆಳಕು ತನ್ನಿ, ಒದ್ದೆ ಇದ್ದಲ್ಲಿ ಒಣಗಿಸಿ. ಸರಿ ಮಾಡಿದ್ದನ್ನು ಮುಚ್ಚಿಡದೆ ತೋರಿಸಿ. ಕೊಳ್ಳಲು ಹೊರಟರೆ ಮೊದಲು ಬ್ಯಾಂಕಿನ ಮಾತು ಪಡೆಯಿರಿ, ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಹೂ ನೋಡಿ ಮರುಳಾಗದೆ ಮಳೆಯಲ್ಲೊಮ್ಮೆ ಹೋಗಿ ನೋಡಿ. ಇಂದು ಸಂಜೆ ಮನೆಗೆ ಮರಳಿದಾಗ, ಬಾಗಿಲ ಹಿಡಿಕೆಗೆ ಕೈ ಹಾಕಿದ ಆ ಕ್ಷಣ, ಒಂದಿಷ್ಟು ನಿಂತು ನೋಡಿ. ಅದು ಅಲುಗಾಡುತ್ತಿದೆಯೇ? ಅಲ್ಲಿಂದಲೇ ಶುರು ಮಾಡಿ.