ಹಿಂದಿನ ಮಂತ್ರಿಗೆ ಕೊಟ್ಟ ಟಿಪ್ಪಣಿ

ನಮ್ಮ ಇಲಾಖೆಯ ಮುಖ್ಯ ಕಾರ್ಯದರ್ಶಿ ಮರ್ವಿನ್ ಹ್ಯಾಲೋಸ್ ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಹನ್ನೊಂದು ಮಂದಿ ಮಂತ್ರಿಗಳನ್ನು ಕಂಡಿದ್ದರು. ಹನ್ನೆರಡನೆಯವರು ಜೋನ್ ಪಿಕರ್‌ಸ್ಗಿಲ್. ಅವರ ಪಕ್ಷ ಚುನಾವಣೆ ಗೆದ್ದು ಐದು ದಿನವಾಗಿತ್ತು. ಕಚೇರಿಗೆ ಬಂದವರು ಕೋಟು ಬಿಚ್ಚುವ ಮೊದಲೇ ಹ್ಯಾಲೋಸ್ ಅವರನ್ನು ಕೇಳಿದರು:

"ನಮ್ಮೂರಿನ ಜನರನ್ನ ನೀರು ದಾಟಿಸೋ ಲಾಂಚು ನಿಲ್ಲಿಸಿ ಅಂತ ಹಿಂದಿನ ಮಂತ್ರಿಗೆ ಹೇಳಿಕೊಟ್ಟಿದ್ದು ನೀವೇ ತಾನೇ?"

"ಅವರಿಗೆ ಏನು ಹೇಳಿದೆ ಅನ್ನೋದನ್ನ ನಿಮಗೆ ಹೇಳೋ ಹಾಗಿಲ್ಲ, ಮಿನಿಸ್ಟರ್."

ಬ್ರಿಟಿಷ್ ಸರ್ಕಾರಿ ಕಚೇರಿಗಳಿರುವ ವೈಟ್‌ಹಾಲ್‌ನ ಪದ್ಧತಿಯೇ ಅದು. ಒಂದು ಸರ್ಕಾರಕ್ಕೆ ಕೊಟ್ಟ ಸಲಹೆಯನ್ನು ಇನ್ನೊಂದು ಪಕ್ಷದ ಸರ್ಕಾರಕ್ಕೆ ತೋರಿಸುವುದಿಲ್ಲ. ಮಂತ್ರಿಗಳ ಆಪ್ತ ಕಾರ್ಯದರ್ಶಿಯಾದ ನಾನು ಆ ಟಿಪ್ಪಣಿಯನ್ನು ಓದಿದ್ದೆ. ಲಾಂಚು ನಿಲ್ಲಿಸಬೇಡಿ ಎಂದು ಹ್ಯಾಲೋಸ್ ನಾಲ್ಕು ಪುಟ ವಾದಿಸಿದ್ದರು.

"ಹಾಗಾದ್ರೆ ನೀವೇ ಅಂತಾಯ್ತು. ಊರವರು ಯಾರ ತಲೆ ಉರುಳುತ್ತೆ ಅಂತ ಕಾಯ್ತಿದ್ದಾರೆ. ನಿಮ್ಮನ್ನ ತೆಗೆಸೋಕೆ ಯಾರಿಗೆ ಹೇಳ್ಬೇಕು?"

"ಪ್ರಧಾನಿಗೆ ಪತ್ರ ಬರೀಬೇಕು. ಕರಡು ಮಾಡಿಕೊಡ್ಲಾ?"

"ತಮಾಷೆನಾ?"

"ಅಲ್ಲ, ಮಿನಿಸ್ಟರ್. ಊಟದ ಹೊತ್ತಿಗೆ ಕೊಡ್ತೀನಿ."

ನಾನು ಹ್ಯಾಲೋಸ್ ಅವರ ಹಿಂದೆಯೇ ಹೊರಗೆ ಓಡಿದೆ. "ಸರ್, ಆ ಟಿಪ್ಪಣಿ ನನ್ನ ಬೀರುವಿನಲ್ಲಿದೆ. ಮಂತ್ರಿಗಳ ಮೇಜಿನ ಮೇಲೆ ಮರೆತು ಬಿಟ್ಟು ಬಂದೆ ಅಂದ್ಕೊಳ್ಳಿ."

"ನಿನಗೆ ಮರೆವು ಶುರುವಾಗಿದ್ದು ಯಾವಾಗ, ಐಲ್ಸಾ?"

"ಈಗಷ್ಟೇ, ಸರ್."

"ಹಾಗಾದ್ರೆ ಬೀಗದ ಕೈ ಇಲ್ಲಿ ಕೊಡು."

ಕೊಟ್ಟೆ. ಅವರು ಅದನ್ನು ಜೇಬಿಗೆ ಹಾಕಿಕೊಂಡರು. "ನನ್ನ ಕುರ್ಚಿ ಉಳಿಸ್ಕೊಳ್ಳೋಕೆ ಅದನ್ನ ತೋರಿಸಿದ್ರೆ, ನಾಳೆ ಯಾವ ಮಂತ್ರಿ ನಮ್ಮ ಮುಂದೆ ಬಾಯಿ ಬಿಡ್ತಾರೆ ಹೇಳು."

ಮಧ್ಯಾಹ್ನ ಒಂದು ಗಂಟೆಗೆ ಹ್ಯಾಲೋಸ್ ಕರಡು ತಂದರು. ಮಂತ್ರಿ ಸ್ಯಾಂಡ್‌ವಿಚ್ ಪಕ್ಕಕ್ಕಿಟ್ಟು ಓದಿದರು.

"ಇಷ್ಟು ಖಾರವಾಗಿ ನಾನೂ ಬರೀತಿರಲಿಲ್ಲ."

"ಮೆತ್ತಗೆ ಬರೆದ್ರೆ ಪ್ರಧಾನಿ ಕಚೇರಿಯವರು ರಾಜಿ ಮಾಡಿಸೋಕೆ ಬರ್ತಾರೆ. ನಿಮ್ಮ ಒಂದು ವಾರ ಹಾಳು."

ಮಂತ್ರಿ ಪೆನ್ನು ಹಿಡಿದು ಹಾಗೇ ಕುಳಿತರು. "ನಾಳೆ ನಾವು ಸೋತ್ರೆ, ನನ್ನ ಕಡತಾನೂ ಹೀಗೇ ಮುಚ್ಚಿಡ್ತೀರಾ?"

"ಮುಚ್ಚಿಡ್ತಾರೆ. ಆಗ ನಾನಿರಲ್ಲವಲ್ಲ."

ಮಂತ್ರಿ ನನ್ನ ಮುಖ ನೋಡಿದರು, ನಾನೇನಾದರೂ ಹೇಳಲಿ ಎನ್ನುವಂತೆ. ನಾನು ನೆಲ ನೋಡಿದೆ. ಅವರು ಸಹಿ ಹಾಕಿದರು.

ಹ್ಯಾಲೋಸ್ ಕಾಗದ ಎತ್ತಿಕೊಂಡು, ಶಾಯಿ ಆರಿದೆಯೇ ಎಂದು ನೋಡಿ, ಮತ್ತೆ ಅವರ ಮುಂದಿಟ್ಟರು.

"ತಾರೀಖು ಬಿಟ್ಟುಹೋಗಿದೆ, ಮಿನಿಸ್ಟರ್."