ಹತ್ತಡಿ ಕೆಳಗಿನ ಗಾಳಿ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಅತ್ತಿಗೆಗೆ ಮಾತ್ರ ವರ್ಷವಿಡೀ ಬೇಸಿಗೆ ಕಾಲ. ಗಾದೆ ಹೀಗಿಲ್ಲ ಎನ್ನುವವರು ಏಪ್ರಿಲ್ ತಿಂಗಳ ಆ ಮಧ್ಯಾಹ್ನ ಮಾರೇನಹಳ್ಳಿಗೆ ಬಂದು ಜಗದಾಂಬಾ ಅವರ ಮುಖ ನೋಡಬೇಕಿತ್ತು. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ಇಲ್ಲಿ ಗಾದೆ ಸುಳ್ಳಾದರೂ ಕಥೆ ಸುಳ್ಳಲ್ಲ.

"ಇದೇನೋ ಕಿರಣಾ, ನಿನ್ನ ತಂಪು?" ಗೋಡೆಯ ಬುಡದ ಜಾಲರಿಗೆ ಅಂಗೈ ಒಡ್ಡಿ ಕುಳಿತಿದ್ದರು ಅವರು. "ಹಸುಗೂಸು ಉಸಿರು ಬಿಟ್ಟಷ್ಟೂ ಬರವಲ್ದು. ಇದಕ್ಕ ನನ್ನ ಮಲ್ಲಿಗಿ ಬಳ್ಳಿ ಕೀಳಿಸಿದೆಲ್ಲೋ!"

ಶಿವಕಿರಣ್ ತಲೆ ಕೆರೆದುಕೊಂಡ. ತಾಯಿ ತೀರಿಕೊಂಡ ಮೇಲೆ ರಾಣೆಬೆನ್ನೂರಿನಿಂದ ಅಣ್ಣನ ಮನೆ ಸೇರಿದ ಅವನನ್ನು ಎಣ್ಣೆ ಹಚ್ಚಿ, ಎರೆದು, ಓದಿಸಿದವರು ಈ ಅತ್ತಿಗೆ. ಮನೆಗೆ ಬಂದುಹೋದವರ ದನಿಯನ್ನೆಲ್ಲ ಅವನು ಅಣಕಿಸುವಾಗ ಬೆನ್ನಿಗೊಂದು ಗುದ್ದು ಕೊಡುತ್ತಲೇ ನಗುತ್ತಿದ್ದವರೂ ಅವರೇ. ಈಗ ಅವನು ಕಾಲೇಜಿನಲ್ಲಿ ಶಾಖದ ಪಾಠ ಹೇಳುವ ಮೇಷ್ಟ್ರು. ಅತ್ತಿಗೆಯ ಕೋಣೆಯ ಶಾಖವೇ ಇಳಿಯದಿದ್ದರೆ ಆ ಪಾಠ ಯಾರ ಉದ್ಧಾರಕ್ಕೆ?

ಮನೆಯ ಹಿಂದಿನ ತಗಡಿನ ಕೋಣೆಯಲ್ಲಿ ಅತ್ತಿಗೆ ಶಿಶುವಿಹಾರ ನಡೆಸುತ್ತಿದ್ದರು. ಪಕ್ಕದ ರಸ್ತೆಯಲ್ಲಿ ಏಸಿ ಹಾಕಿದ ಇನ್ನೊಂದು ಶಿಶುವಿಹಾರ ಬಂದದ್ದೇ ಅರ್ಧ ಮಕ್ಕಳು ಅತ್ತ ಹೋದವು. ಏಸಿ ಗಾಳಿಗೆ ಹಸುಳೆಗಳಿಗೆ ಕೆಮ್ಮು ಹತ್ತುತ್ತದೆಂದು ಅತ್ತಿಗೆ ತಮ್ಮಲ್ಲಿ ಏಸಿ ಹಾಕಿಸಲು ಒಪ್ಪಲಿಲ್ಲ.

"ಬೇಡ ಬಿಡಿ," ಎಂದಿದ್ದ ಶಿವಕಿರಣ್. "ಮೇಲೆ ಎಷ್ಟೇ ಉರಿದ್ರೂ ಹತ್ತಡಿ ಕೆಳಗೆ ಭೂಮಿತಾಯಿ ತಣ್ಣಗೇ ಇರ್ತಾಳೆ. ಗಾಳೀನ ಅಲ್ಲಿ ಒಂದು ರೌಂಡ್ ವಾಕಿಂಗ್ ಕಳಿಸಿ ಒಳಗೆ ಕರ್ಕೊಳ್ಳೋಣ."

ಹಿತ್ತಿಲು ಅಗೆಸಿ ಉದ್ದಕ್ಕೂ ದಪ್ಪ ಕೊಳವೆ ಹೂಳಿಸಿದ. ಅದರ ಒಂದು ಬಾಯಿ ಹಿತ್ತಿಲಲ್ಲಿ ಮೇಲೆದ್ದು ನಿಂತಿತು, ಇನ್ನೊಂದು ಕೋಣೆಯೊಳಗೆ ಜಾಲರಿಯ ಹಿಂದೆ ಕುಳಿತಿತು. ಗಾಳಿ ಎಳೆಯಲು ಪುಟ್ಟ ಫ್ಯಾನು, ತಗಡಿನಡಿಗೆ ಥರ್ಮೋಕೋಲು. ಎಲ್ಲವೂ ಸರಿ. ಆದರೆ ತಂಪು ಸೋರಿಹೋದೀತೆಂದು ಅತ್ತಿಗೆ ಕಿಟಕಿಗಳನ್ನೆಲ್ಲ ಬಿಗಿದು, ಬಾಗಿಲ ಸಂದಿಗೆ ಹಳೇ ಸೀರೆ ತುರುಕಿ, ಸೂರಿನಡಿಯ ಗವಾಕ್ಷಿಗೂ ಹಲಗೆ ಜಡಿಸಿಬಿಟ್ಟಿದ್ದರು.

"ಒಳಗಿನ ಬಿಸಿ ಹೊರಗೆ ಹೋದ್ರೆ ತಾನೇ ತಂಪಿಗೆ ಜಾಗ? ಆ ಗವಾಕ್ಷಿ ತೆಗೀರಿ ಅತ್ತಿಗೇ."

"ತಂಪು ಮಾಡಿ ಕಿಟಕಿ ತಗೀತಾರೇನೋ ಯಾರಾರ? ಬ್ಯಾಂಕಿನ್ಯಾಗ ನೋಡೀನಿ, ಬಾಗಿಲಾ ಹಾಕ್ರಿ, ಬಾಗಿಲಾ ಹಾಕ್ರಿ ಅಂತ ಹೊಯ್ಕೊಂತಾರ."

"ಅದು ಏಸಿ. ಇದು ಬೇರೆ..."

"ಬಾಯಿ ಮುಚ್ಚು. ಮಕ್ಕಳು ಮಲಗೋ ಹೊತ್ತಾತು, ಹೊರಗ ನಡಿ."

ಅದೇ ಹಲಗೆಯನ್ನು ಬೆಳಿಗ್ಗೆ ಅವನು ತೆಗೆದಿದ್ದ. ಅವರು ಮತ್ತೆ ಜಡಿಸಿದ್ದರು. ಮಕ್ಕಳು ಮಲಗಿದಾಗ ಅತ್ತಿಗೆ ಮತ್ತು ಆಯಾ ಸತ್ಯವತಿಯ ಹೊರತು ಒಳಗೆ ಯಾರೂ ಕಾಲಿಡುವಂತಿಲ್ಲ, ಪಿಸುಗುಡುವಂತೆಯೂ ಇಲ್ಲ. ಇತ್ತ ಶಿಶುವಿಹಾರದ ಪುಟಾಣಿ ಅಮೂಲ್ಯಾಳ ತಾಯಿ ಮಾಲವಿಕಾ ಆಫೀಸಿಗೆ ಹೋಗುವ ಮುಂಚೆ ಹೇಳಿಹೋದ ಮಾತು ಇನ್ನೂ ಬಾಗಿಲಲ್ಲೇ ನಿಂತಿತ್ತು: "ಬೇಜಾರ್ ಮಾಡ್ಕೋಬೇಡಿ ಆಂಟಿ. ಮಗು ಮೈಯೆಲ್ಲ ಬೆವರುಸಾಲೆ. ಇವತ್ತೂ ಹೀಗೇ ಆದ್ರೆ ನಾಳೆಯಿಂದ ಆ ಕಡೆಗೇ ಬಿಡ್ತೀನಿ." ಅಮೂಲ್ಯಾ ಹೋದರೆ ಉಳಿದವರೂ ಹೋಗುತ್ತಾರೆ. "ಆತವ್ವಾ" ಎಂದಿದ್ದ ಅತ್ತಿಗೆ ಮಧ್ಯಾಹ್ನ ರೊಟ್ಟಿ ಮುಟ್ಟಿರಲಿಲ್ಲ.

ಅವರು ರಾಗಿ ಗಂಜಿ ಕಾಯಿಸಲು ಅಡುಗೆಮನೆಗೆ ಹೋದರು. ಶಿವಕಿರಣ್ ಹಿತ್ತಿಲಿನ ಕೊಳವೆಗೆ ಬಾಯಿಟ್ಟು, ಗಂಟಲನ್ನು ಅತ್ತಿಗೆಯ ಅಳತೆಗೆ ತಿರುಚಿಕೊಂಡ.

"ಸತ್ಯವತೀ! ಆ ಗವಾಕ್ಷಿ ಹಲಗಿ ಕೀಳು! ಕಿವ್ಯಾಗ ಹತ್ತಿ ಇಟ್ಕೊಂಡಿ ಏನು?"

"ತೆಗ್ದೆ ಅಕ್ಕಾ, ತೆಗ್ದೆ!" ಒಳಗೆ ಸ್ಟೂಲು ಎಳೆದ ಸದ್ದು, ಹಲಗೆ ಕಿತ್ತ ಸದ್ದು. ಗಳಿಗೆಯಲ್ಲಿ ಕೊಳವೆ ದೀರ್ಘವಾಗಿ ಉಸಿರೆಳೆದುಕೊಂಡಿತು. ಹಾರಿಬಂದ ಒಣ ಎಲೆಯೊಂದು ಅದರ ಬಾಯಿಗೆ ಅಂಟಿಕೊಂಡಿತು.

ಗಂಜಿಯ ಪಾತ್ರೆ ಹಿಡಿದು ಬಂದ ಅತ್ತಿಗೆ ಹೊಸ್ತಿಲಲ್ಲೇ ನಿಂತರು. ಕಾಲ ಬಳಿ ಸೀರೆಯ ಅಂಚು ಪಟಪಟ ಹೊಡೆದುಕೊಳ್ಳುತ್ತಿತ್ತು. ಕತ್ತೆತ್ತಿ ಗವಾಕ್ಷಿ ನೋಡಿದರು.

"ಯಾರು ತಗಿ ಅಂದಿದ್ದು?"

"ನೀವೇ ಬೈದ್ರಲ್ಲಕ್ಕಾ, ಕಿವೀಲಿ ಹತ್ತಿ ಇಟ್ಕೊಂಡಿದೀಯ ಅಂತ!"

"ನಾನೆಲ್ಲಿ? ಅಡಗಿಮನ್ಯಾಗ ಇದ್ದೆ ನಾನು!"

ಇಷ್ಟಕ್ಕೆ ಶಿವಕಿರಣ್ ಸುಮ್ಮನಿರಬೇಕಿತ್ತು. ನಾಲಿಗೆ ಕೇಳಲಿಲ್ಲ. ಜಾಲರಿಯಿಂದ ಜಗದಾಂಬಾ ಅವರ ದನಿಯೇ ಗದರಿತು: "ಮತ್ಯಾರು? ನಾನ ಹೇಳಿದ್ದು! ಮೊದಲ ಹೋಗಿ ರೊಟ್ಟಿ ತಿನ್ನು!"

ಮರುಕ್ಷಣವೇ ತಪ್ಪಿನ ಅರಿವಾಗಿ ಅವನು ಬಾಗಿಲಿಗೆ ಓಡಿಬಂದರೆ, ಬೇಗ ಆಫೀಸು ಬಿಟ್ಟು ಬಂದ ಮಾಲವಿಕಾ ಅಲ್ಲೇ ಚಪ್ಪಲಿ ಕಳಚುತ್ತಿದ್ದಳು. ಜಾಲರಿಯೆದುರು ಕುಸಿದು ಕುಳಿತ ಅತ್ತಿಗೆ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದರು, ಭುಜಗಳು ನಡುಗುತ್ತಿದ್ದವು. ಅಳಿಸಿಬಿಟ್ಟೆನೇ ಎಂದುಕೊಂಡ. ಅಷ್ಟರಲ್ಲಿ ಸೆರಗು ಜಾರಿ ನಗು ಸಿಡಿಯಿತು.

"ಅಯ್ಯ ನನ್ನ ಬಂಗಾರದ ಕೋತೀ! ಥೇಟ್ ನನ್ನಂಗ ಬೈತೀಯಲ್ಲೋ! ಇಷ್ಟು ಕೆಟ್ಟ ಐತೇನೋ ನನ್ನ ದನಿ?"

ಸತ್ಯವತಿ ನಕ್ಕಳು, ಏನೂ ಗೊತ್ತಿಲ್ಲದ ಮಾಲವಿಕಾಳೂ ನಕ್ಕಳು, ಶಿವಕಿರಣ್ ಕಣ್ಣೊರೆಸಿಕೊಂಡು ನಕ್ಕ. ಎಲ್ಲರ ಮೇಲೆ ಅತ್ತಿಗೆಯ ನಗು ತಗಡಿಗೆ ಬಡಿದು ಗಲಗಲ ಉರುಳುತ್ತಿತ್ತು. ಚಾಪೆಗಳ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಕುಳಿತು ಪಿಳಿಪಿಳಿ ನೋಡಿದರು.

ಮೂಲೆಯ ಚಾಪೆಯಲ್ಲಿ ಅಮೂಲ್ಯಾ ಮಾತ್ರ ಕಣ್ಣು ತೆರೆಯಲಿಲ್ಲ. ಕಾಲಬಳಿ ಒದ್ದು ಬಿಸಾಡಿದ್ದ ಹೊದಿಕೆಯನ್ನು ತಡಕಿ, ಗಲ್ಲದವರೆಗೆ ಎಳೆದುಕೊಂಡು, ಮಗ್ಗುಲು ಬದಲಿಸಿದಳು.