ಚುಕ್ಕಿ, ಒಲೆಗೆ ಬಾ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳು ತಿರುಗುವಾಗ ಪಕ್ಕದಲ್ಲೇ ಗುಡುಗಿದರೂ ಕೇಳಿಸುವುದಿಲ್ಲ. ಅಲ್ಲಿ ವರ್ಷಗಟ್ಟಲೆ ದುಡಿದವರ ಕಿವಿ ಹೆಸರಿಗಷ್ಟೇ ಕಿವಿ. ಓಲೆ ಹಾಕಿಕೊಳ್ಳಲು ಬರುತ್ತದೆ, ಅಷ್ಟೆ. ಯಂತ್ರ ಓಡುತ್ತಿದೆಯೋ ನಿಂತಿದೆಯೋ ಎಂದು ಅಂಗೈ ಇಟ್ಟು ನೋಡುತ್ತಾರೆ. ಎದುರಿನವರ ಮಾತನ್ನು ತುಟಿ ನೋಡಿ ತಿಳಿಯುತ್ತಾರೆ. ಅಲ್ಲಿ ಯಾರಾದರೂ ಮುಖ ತಿರುಗಿಸಿದರೆ ಮಾತು ಮುಗಿಯಿತು ಎಂದೇ ಅರ್ಥ.

ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುವವಳನ್ನು ಎಲ್ಲರೂ ಇಸ್ತ್ರಿಯಕ್ಕ ಎನ್ನುತ್ತಿದ್ದರು. ಮನೆಯಲ್ಲೂ ಅವಳದು ಇದೇ ಕಾನೂನು. "ಮುಖ ತೋರಿಸಿ ಮಾತಾಡೇ" ಎಂದು ಗದರಿಸಿ ಗದರಿಸಿಯೇ ಮಗಳನ್ನು ಬೆಳೆಸಿದ್ದಳು. ಈಗ ಆ ಮಗಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದಳು.

ಮಗಳ ಜೀವದ ಗೆಳತಿ ಜ್ವರದಲ್ಲಿ ತೀರಿಕೊಂಡ ಮೇಲೆ ಹೀಗಾಗಿತ್ತು. ಮೊದಲು ಶಾಲೆ ಬಿಟ್ಟಳು, ಆಮೇಲೆ ಮಾತು ಬಿಟ್ಟಳು, ಈಗ ಊಟವನ್ನೂ ಬಿಡುತ್ತಿದ್ದಳು. ಕಾಲವೇ ಎಲ್ಲ ಮರೆಸುತ್ತದೆ ಎಂದು ಮಗಳ ಚಿಕ್ಕಮ್ಮ ಬಂದು ಬುದ್ಧಿ ಹೇಳಿ ಹೋದಳು. ಆಯಮ್ಮನಿಗೇನು, ಹೇಳುತ್ತಾಳೆ, ಅವಳ ಮಕ್ಕಳು ಮೂರು ಹೊತ್ತೂ ತಟ್ಟೆ ಬಡಿದು ಕೇಳಿ ತಿನ್ನುತ್ತವೆ. ಇಸ್ತ್ರಿಯಕ್ಕ ಬೈದಳು, ಬೇಡಿದಳು, ಬಚ್ಚಲಲ್ಲಿ ನಿಂತು ಅತ್ತಳು. ಗೋಡೆಯ ಕಡೆಗಿದ್ದ ಮುಖ ಇತ್ತ ತಿರುಗಲಿಲ್ಲ.

ಗೆಳತಿಯರಿಬ್ಬರೂ ಒಂದೇ ಫೋನು ಹಿಡಿದು, ಇಯರ್‌ಫೋನಿನ ಒಂದೊಂದು ತುದಿ ಕಿವಿಗೆ ಸಿಕ್ಕಿಸಿಕೊಂಡು, 'ದೂರನೌಕೆ' ಎಂಬ ಧಾರಾವಾಹಿ ನೋಡುತ್ತಿದ್ದರು. ಅದೇನೆಂದು ಇಸ್ತ್ರಿಯಕ್ಕ ಒಮ್ಮೆಯೂ ಕೇಳಿದವಳಲ್ಲ. ಮಗಳ ಶಾಲೆಯ ಚೀಲದ ಮೇಲೆ ಅಂಟಿಸಿದ್ದ ನೀಲಿ ನೌಕೆಯ ಚಿತ್ರ ಮಾತ್ರ ಗೊತ್ತಿತ್ತು. ಒಂದು ದಿನ ಊಟದ ಹೊತ್ತಿನಲ್ಲಿ ಅದೇ ಚಿತ್ರ ಗಡಗಡಣ್ಣನ ಊಟದ ಡಬ್ಬಿಯ ಮೇಲೆ ಕಂಡಿತು. ಗಡಗಡಣ್ಣ ಎಂದರೆ ದೊಡ್ಡ ಯಂತ್ರ ನಡೆಸುವವನು, ಮೀಸೆಯೆಲ್ಲ ನರೆತ ಮನುಷ್ಯ.

"ಇದು... ಮೊಮ್ಮಗಂದು" ಎಂದ ಅವನು, ಡಬ್ಬಿಯನ್ನು ಅಂಗೈಯಲ್ಲಿ ಮುಚ್ಚುತ್ತ.

"ನಿಂಗೆಲ್ಲಿಂದ ಬಂದ ಅಣ್ಣ ಮೊಮ್ಮಗ? ಮದುವೇನೇ ಆಗಿಲ್ವಲ್ಲ!"

ಸಿಕ್ಕಿಬಿದ್ದವನು ಪೆಚ್ಚಾಗಿ ನಕ್ಕ. ಅವಳು ನಗಲು ಹೋಗಿ ಅತ್ತುಬಿಟ್ಟಳು. ಎಲ್ಲ ಹೇಳಿಕೊಂಡಳು. ಅವನು ಬುದ್ಧಿ ಹೇಳಲಿಲ್ಲ; ಫೋನನ್ನು ಡಬ್ಬಿಗೆ ಒರಗಿಸಿ ನಿಲ್ಲಿಸಿ, "ಕೂತ್ಕೋ ತಂಗಿ, ಮೊದಲಿಂದ ನೋಡೋಣ" ಎಂದ.

ಅಂದಿನಿಂದ ಊಟದ ಹೊತ್ತೆಲ್ಲ ಅದೇ ಆಯಿತು. ಕಥೆ ಇಷ್ಟು: ಚುಕ್ಕಿ ಎಂಬವಳು ನೌಕೆಯ ಹೊರಗೆ ರಿಪೇರಿಗೆ ಹೋದಾಗ ಹಗ್ಗ ಕಡಿದು, ಬಾಹ್ಯಾಕಾಶದ ಕತ್ತಲಲ್ಲಿ ತೇಲಿಹೋಗುತ್ತಾಳೆ. ನೌಕೆಯ ನಾಯಕ ದಿನಾ ರೇಡಿಯೋದಲ್ಲಿ ಅವಳನ್ನು ಕರೆಯುತ್ತಾನೆ. ಇವತ್ತು ಯಾರು ಯಾರ ಜೊತೆ ಜಗಳವಾಡಿದರು, ಯಾವ ಬಟ್ಟಲು ಒಡೆಯಿತು, ಎಲ್ಲ ವರದಿ ಒಪ್ಪಿಸಿ ಕೊನೆಗೆ ಒಂದು ಮಾತು ಹೇಳುತ್ತಾನೆ. ಅದೇನು ಮಾತು ಎಂಬುದೇ ಇವರಿಬ್ಬರಿಗೂ ತಲೆನೋವಾಯಿತು. ತುಟಿ ನೋಡೋಣವೆಂದರೆ ಆ ಮಾತಿನ ಹೊತ್ತಿಗೆ ನಾಯಕ ತಲೆಗೆ ಕಪ್ಪು ಗಾಜಿನ ಗಡಿಗೆ ಕವುಚಿಕೊಂಡಿರುತ್ತಾನೆ. ಸದ್ದು ಪೂರ್ತಿ ಹೆಚ್ಚಿಸಿ, ತಲೆಗೆ ತಲೆ ತಾಗಿಸಿ, ಮತ್ತೆ ಮತ್ತೆ ಕೇಳಿದರು.

"'ಒಲೆಗೆ ಬಾ' ಅಂತಾನೆ" ಎಂದ ಗಡಗಡಣ್ಣ.

"ನೌಕೇಲಿ ಒಲೆ ಎಲ್ಲಿರುತ್ತೆ ಅಣ್ಣ?"

"ಅಡುಗೆ ಮಾಡಲ್ವಾ ಅವರು? ಹೊರಗೆ ಕೊರೆಯೋ ಚಳಿ. ಬೆಚ್ಚಗಿರೋ ಜಾಗಕ್ಕೆ ತಾನೇ ಕರೀತಾರೆ?"

ಅದೂ ಸರಿಯೆನ್ನಿಸಿತು. ಅವಳೇ ನಾಯಕಿಯಾಗಿದ್ದರೂ ಹಾಗೆಯೇ ಕರೆಯುತ್ತಿದ್ದಳು.

"ಒಂದಿನಾನೂ ಉತ್ತರ ಬರಲ್ಲ. ಆದ್ರೂ ಕರೀತಾನೆ ನೋಡು" ಎಂದಳು.

"ಬರಲ್ಲ ಅಂತ ಹೆಂಗೆ ಹೇಳ್ತೀಯಾ? ಬರ್ತಿರಬಹುದು, ಇವನಿಗೆ ಕೇಳಿಸದೇ ಇರಬಹುದು. ಕರೆಯೋದು ಬಿಟ್ರೆ ಕೆಟ್ಟ ಹಂಗೆ ತಂಗಿ."

ಆ ಮಾತು ಅವಳಿಗೆ ನಾಟಿತು. ಅವತ್ತಿನಿಂದ ಸಂಜೆ ಮಗಳ ಬೆನ್ನಿನ ಹಿಂದೆ ಕುರ್ಚಿ ಎಳೆದುಕೊಂಡು ಕೂತು ವರದಿ ಒಪ್ಪಿಸತೊಡಗಿದಳು. ಕೊನೆಯಲ್ಲಿ ತಪ್ಪದೆ, "ಚುಕ್ಕಿ, ಒಲೆಗೆ ಬಾ" ಎನ್ನುತ್ತಿದ್ದಳು. ಬೆನ್ನು ಅಲುಗುತ್ತಿರಲಿಲ್ಲ. ತಟ್ಟೆ ಇಟ್ಟಲ್ಲೇ ಆರುತ್ತಿತ್ತು. ಮಗಳ ಬೆನ್ನಿನ ಮೂಳೆಗಳು ಅಂಗಿಯ ಮೇಲೆ ಎದ್ದು ಕಾಣತೊಡಗಿದವು.

"ಅಣ್ಣ, ನೀನು ಪೂರ್ತಿ ನೋಡಿದೀಯಲ್ಲ. ಚುಕ್ಕಿ ಕೊನೆಗೆ ಬರ್ತಾಳಾ?" ಎಂದು ಒಂದು ಮಧ್ಯಾಹ್ನ ಕೇಳಿದಳು.

ಗಡಗಡಣ್ಣ ಮುಖ ತಿರುಗಿಸಿದ. ಏನಾದರೂ ಹೇಳಿದನೋ ಇಲ್ಲವೋ, ಅವಳಿಗೆ ತಿಳಿಯಲಿಲ್ಲ.

ಆ ಸಂಜೆ ಮನೆಗೆ ಬಂದು ಮಗಳನ್ನು ನೋಡಿದ ಡಾಕ್ಟರು ಸುತ್ತಿ ಬಳಸಲಿಲ್ಲ. "ಇವತ್ತು ಏನಾದ್ರೂ ಹೊಟ್ಟೆಗೆ ಹೋದ್ರೆ ಸರಿ. ಇಲ್ಲಾಂದ್ರೆ ಬೆಳಗ್ಗೆ ಕರ್ಕೊಂಡು ಬನ್ನಿ, ಸೇರಿಸ್ಕೊಂಡು ಮೂಗಿನಲ್ಲಿ ಕೊಳವೆ ಹಾಕ್ಬೇಕು. ಇನ್ನು ಕಾಯೋ ಹಾಗಿಲ್ಲಮ್ಮ" ಎಂದು ಅವಳಿಗೆ ತಿಳಿಯುವಂತೆ ಬಿಡಿಸಿ ಬಿಡಿಸಿ ಹೇಳಿ ಹೋದರು.

ಇಸ್ತ್ರಿಯಕ್ಕ ಹಾಲು ಕಾಯಿಸಿ ತಂದು ಕುರ್ಚಿಯಲ್ಲಿ ಕೂತಳು.

"ಇವತ್ತಿನ ವರದಿ ಕೇಳು. ಯಾರೋ ಕೋಟಿನ ಜೇಬಲ್ಲಿ ಪೆನ್ನು ಬಿಟ್ಟಿದ್ರು. ಯಂತ್ರದ ಬಟ್ಟೆಯೆಲ್ಲ ನೀಲಿ. ಗಡಗಡಣ್ಣ, 'ಆಕಾಶನೇ ಒಗೆದುಬಿಟ್ವಿ' ಅಂತಾನೆ..." ಲೋಟವನ್ನು ಪಕ್ಕಕ್ಕಿಟ್ಟಳು. "ಇನ್ನೇನೂ ಇಲ್ಲ ಕಣೇ ನನ್ನತ್ರ. ನಾಳೆ ಕೊಳವೆ ಹಾಕ್ತಾರಂತೆ. ನಿನ್ನ ಸ್ನೇಹಿತೆನ ತಂದುಕೊಡೋಕೆ ನನ್ನ ಕೈಲಾಗಲ್ಲ. ನಂಗೆ ಕರೆಯೋದೊಂದೇ ಗೊತ್ತಿರೋದು. ಚುಕ್ಕಿ, ಒಲೆಗೆ ಬಾ. ಒಲೆಗೆ ಬಾರೇ!"

ಬೆನ್ನು ಅಲುಗಲಿಲ್ಲ. ಅವಳಿಗೆ ಒಮ್ಮೆಲೇ ಭಯವಾಯಿತು. ಉಸಿರಾದರೂ ಇದೆಯೋ ಎಂದು, ಯಂತ್ರ ನೋಡುವ ಅಭ್ಯಾಸದಿಂದ, ಮಗಳ ಬೆನ್ನಿಗೆ ಅಂಗೈ ಇಟ್ಟಳು.

ಅಂಗೈಯ ಕೆಳಗೆ ಏನೋ ಗುಂಯ್‌ಗುಟ್ಟುತ್ತಿತ್ತು. ನಿಂತಿತು. ಮತ್ತೆ ಗುಂಯ್‌ಗುಟ್ಟಿತು. ಉಸಿರು ಹಾಗಿರುವುದಿಲ್ಲ. ಹುಡುಗಿ ಮಾತಾಡುತ್ತಿದ್ದಳು, ಗೋಡೆಗೆ.

"ಮುಖ ತೋರಿಸಿ ಮಾತಾಡೇ" ಎಂದಳು ಇಸ್ತ್ರಿಯಕ್ಕ. ಈ ಸಲ ಗದರಲಾಗಲಿಲ್ಲ. "ನಿಮ್ಮಮ್ಮ ಕಿವುಡಿ ಕಣೇ. ಮುಖ ತೋರಿಸು."

ಬಹಳ ಹೊತ್ತು ಹಿಡಿಯಿತು. ಮೊದಲು ಭುಜ ಹೊರಳಿತು, ಆಮೇಲೆ ತಲೆ. ಕಣ್ಣು ಗುಳಿಬಿದ್ದಿತ್ತು, ತುಟಿ ಒಡೆದಿತ್ತು.

"ಒಲೆ ಅಲ್ಲಮ್ಮ" ಎಂದಳು ಮಗಳು. "ನೆಲೆ. ನೆಲೆಗೆ ಬಾ. ದಿನಾ ಹೇಳ್ತಿದೀನಿ. ನಿಂಗೆ ಕೇಳಿಸೋದೇ ಇಲ್ಲ."

ಒಲೆ ಎನ್ನುವಾಗ ದುಂಡಗಾದ ತುಟಿ ನೆಲೆ ಎನ್ನುವಾಗ ಆಗಿರಲಿಲ್ಲ. ಇಸ್ತ್ರಿಯಕ್ಕನಿಗೆ ಒಂದಕ್ಷರವೂ ಬಿಡದೆ ತಿಳಿದಿತ್ತು. ಆದರೂ ಕಣ್ಣೊರೆಸಿಕೊಂಡು, ಲೋಟವನ್ನು ಮಗಳ ತುಟಿಯ ಹತ್ತಿರ ಹಿಡಿದಳು.

"ಏನು? ತುಟಿ ಒಣಗಿದೆ, ಸರಿಯಾಗಿ ಕಾಣಿಸ್ತಿಲ್ಲ. ಒಂದು ಗುಟುಕು ಕುಡಿದು ಇನ್ನೊಂದ್ಸಲ ಹೇಳು."